ತೋಟದ ಮನೆಯ ಕಟ್ಟೆಯೂ ಬೇಸಿಗೆಯ ಕಿಡಿಯೂ



ಕಾಡ್ಗಿಚ್ಚೆಂದೊಡನೆ ನಮ್ಮ ಮನಸ್ಸು ಬಂಡೀಪುರದಂಥ ಅರಣ್ಯಗಳ ಕಡೆಗೆ ಓಡುವುದು ಸ್ವಾಭಾವಿಕ. 2019ರ ಫೆಬ್ರುವರಿಯಲ್ಲಿ ಅಲ್ಲಿ ಸಹಸ್ರಾರು ಎಕರೆ ಕಾಡು ದಿನಗಟ್ಟಲೆ ಉರಿದುದನ್ನು ನಾಡೆಲ್ಲವೂ ಕಂಡು ಮರುಗಿತು. ಆದರೆ ಅಂಥ ದಟ್ಟಡವಿ ಯಾವುದೂ ಸಮೀಪದಲ್ಲಿಲ್ಲದ ನಮ್ಮ ತುಕ್ಕಾನಟ್ಟಿಯ ಸುತ್ತುಮುತ್ತ, ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನೀರಾವರಿ ಸೀಮೆಯಲ್ಲಿ, ವರ್ಷವರ್ಷವೂ ಆಳೆತ್ತರವನ್ನು ಮೀರಿ ಬೆಳೆದು, ಕಟಾವಿನ ಹೊತ್ತಿಗೆ ಬುಡದಿಂದ ಎದೆಮಟ್ಟದವರೆಗೆ ಒಣಗಿ, ಮನೆಯಂಗಳದ ಅಂಚಿಗೇ ಬಂದು ನಿಲ್ಲುವ ಕಾಡೊಂದು ಉಂಟು. ಅದು ನಾವೇ ನೆಟ್ಟು, ನಾವೇ ನೀರು ಹಾಯಿಸಿ ಬೆಳೆಸಿದ ಕಬ್ಬಿನ ಕಾಡು. ಈ ಕಾಡಿಗೆ ಹತ್ತಿದ ಬೆಂಕಿ ಮನೆಯನ್ನು ಯಾವ ದಾರಿಯಿಂದ ಪ್ರವೇಶಿಸುತ್ತದೆ, ಮನೆಯ ಹೊರಗಣ ಕಟ್ಟೆಗೂ ಜಗುಲಿಗೂ ನೆತ್ತಿಯ ಮಾಳಿಗೆಗೂ ನಾವು ಎಂಥ ಹಾಸನ್ನು ಆರಿಸಿಕೊಂಡರೆ ಆ ದಾರಿ ಮುಚ್ಚೀತು ಎಂಬ ವಿಷಯವಾಗಿ ಇಂದು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ಘಟಪ್ರಭೆಗೆ ಅಡ್ಡಲಾಗಿ ಧೂಪದಾಳದಲ್ಲಿ ಕಟ್ಟಿದ ಒಡ್ಡು 1897ರಲ್ಲಿ ಪೂರ್ಣಗೊಂಡು ಎಡದಂಡೆಯ ಕಾಲುವೆಗೆ ನೀರು ಹರಿದಂದಿನಿಂದಲೂ, ತರುವಾಯ ಹಿಡಕಲ್ಲಿನಲ್ಲಿ ಜಲಾಶಯವು ತಲೆಯೆತ್ತಿದ ಮೇಲೆ ಮತ್ತಷ್ಟು ವೇಗದಿಂದಲೂ, ಜೋಳ ಸಜ್ಜೆಗಳ ಈ ನೆಲವು ಕಬ್ಬಿನ ನೆಲವಾಗಿ ಮಾರ್ಪಟ್ಟಿತು. ಅದರೊಡನೆ ವಾಸದ ಕ್ರಮವೂ ಬದಲಾಯಿತು. ಊರೊಳಗೆ ಗೋಡೆಗೆ ಗೋಡೆ ತಾಗಿಸಿ ಬಾಳುತ್ತಿದ್ದ ಕುಟುಂಬಗಳು ಹೊತ್ತಿಲ್ಲದ ಹೊತ್ತಿನಲ್ಲಿ ಬರುವ ನೀರನ್ನು ತಿರುವಿಕೊಳ್ಳುವ ಅನುಕೂಲಕ್ಕಾಗಿ, ದನಕರುಗಳ ಮೇವಿನ ಅನುಕೂಲಕ್ಕಾಗಿ, ಹೊಲದ ನಟ್ಟನಡುವೆಯೇ ತೋಟದ ಮನೆಗಳನ್ನು ಕಟ್ಟಿಕೊಂಡವು. ಕಟಾವಾದ ಒಂದು ಹೆಕ್ಟೇರು ಕಬ್ಬಿನ ಹೊಲದಲ್ಲಿ ಸುಮಾರು 8ರಿಂದ 10 ಟನ್ನುಗಳಷ್ಟು ರವದಿ, ಎಂದರೆ ಕಬ್ಬಿನ ಒಣಗರಿ, ಉಳಿಯುತ್ತದೆ. ಕಾಗದದಷ್ಟು ತೆಳುವಾದ, ಗಾಳಿಯಾಡುವಂತೆ ಸಡಿಲಾಗಿ ಹರಡಿದ ಈ ರವದಿಯನ್ನು ಮಾರ್ಚ್ ಏಪ್ರಿಲ್ ತಿಂಗಳ ಬಿಸಿಲು ಹುರಿದಿಟ್ಟಿರುವಾಗ, ಕೂಳೆ ಬೆಳೆಗೆ ಹೊಲ ಬೇಗ ಹಸನಾಗಲೆಂದು ಪಕ್ಕದ ಹೊಲದವರು ಹಚ್ಚಿದ ಕಡ್ಡಿಯಾಗಲಿ, ಜೋತುಬಿದ್ದ ಎರಡು ವಿದ್ಯುತ್ ತಂತಿಗಳು ಗಾಳಿಗೆ ಒಂದನ್ನೊಂದು ತಾಕಿದಾಗ ಉದುರಿದ ಕಿಡಿಯಾಗಲಿ ಎಷ್ಟರ ಅನರ್ಥವನ್ನು ಉಂಟುಮಾಡಬಲ್ಲುದೆಂಬುದನ್ನು ಈ ಭಾಗದ ರೈತರಿಗೆ ನಾನು ವಿವರಿಸಬೇಕಾಗಿಲ್ಲ.

ವಿವರಿಸಬೇಕಾದ ಸಂಗತಿ ಬೇರೆಯದೊಂದಿದೆ. ಬೆಂಕಿಯು ಮನೆಯನ್ನು ನುಂಗುವುದು ಜ್ವಾಲೆಯ ಮೂಲಕವೆಂದು ನಾವೆಲ್ಲರೂ ತಿಳಿದಿದ್ದೇವೆ. ದೂರದಲ್ಲಿ ಜ್ವಾಲೆ ಕಂಡಾಗ ಅಂಜುತ್ತೇವೆ, ಜ್ವಾಲೆ ಇಳಿದೊಡನೆ ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತೇವೆ. ಆಸ್ಟ್ರೇಲಿಯಾ ದೇಶದಲ್ಲಿ 1983ರ ಫೆಬ್ರುವರಿಯಲ್ಲಿ ಸಂಭವಿಸಿದ ಮಹಾ ಕಾಡ್ಗಿಚ್ಚಿನ ಅನಂತರ ಅಲ್ಲಿನ ವಿಜ್ಞಾನಿಗಳು ಸುಟ್ಟ ಮನೆಗಳನ್ನೂ ಸುಡದೆ ಉಳಿದ ಮನೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ ಕಂಡುಕೊಂಡದ್ದು ಈ ನಂಬಿಕೆಗೆ ವಿರುದ್ಧವಾಗಿದ್ದಿತು. ಜ್ವಾಲೆಯ ಸಾಲು ಒಂದು ಮನೆಯನ್ನು ಹಾದುಹೋಗುವುದಕ್ಕೆ ಕೆಲವೇ ನಿಮಿಷಗಳು ಸಾಕು. ಆದರೆ ಅದಕ್ಕಿಂತ ಮೊದಲು ಗಾಳಿಯೊಡನೆ ತೂರಿಬಂದು, ಅದು ಹೋದಮೇಲೂ ಗಂಟೆಗಟ್ಟಲೆ ಸುರಿಯುವ ಕೆಂಡದ ಚೂರುಗಳು ಮನೆಯ ಸಂದುಗೊಂದುಗಳಲ್ಲಿ ನೆಲಸಿ, ಹೊಗೆಯಾಡಿ, ಎಲ್ಲರೂ ಅಪಾಯ ಕಳೆಯಿತೆಂದು ತಿಳಿದಿರುವ ಸಮಯದಲ್ಲಿ ಮನೆಗೆ ಬೆಂಕಿಯಿಕ್ಕುತ್ತವೆ. ಹಾನಿಗೊಳಗಾದ ಮನೆಗಳಲ್ಲಿ ಬಹುಭಾಗವು ಹೀಗೆ ಕಿಡಿಯಿಂದಲೇ ಹೊತ್ತಿಕೊಂಡವುಗಳು. 2009ರ ಫೆಬ್ರುವರಿ 7ರಂದು, ಆ ದೇಶದವರು ಕರಾಳ ಶನಿವಾರವೆಂದು ಕರೆಯುವ ದಿನ, ವಿಕ್ಟೋರಿಯಾ ಪ್ರಾಂತದಲ್ಲಿ 173 ಮಂದಿ ಪ್ರಾಣ ತೆತ್ತು ಎರಡು ಸಾವಿರಕ್ಕೂ ಮಿಕ್ಕ ಮನೆಗಳು ಬೂದಿಯಾದಾಗ ಈ ಅರಿವು ಮತ್ತಷ್ಟು ದೃಢವಾಯಿತು.

ಈ ಕಿಡಿಗಳಿಗೆ ಅತ್ಯಂತ ಪ್ರಿಯವಾದ ನೆಲೆ ಯಾವುದೆಂದರೆ, ಆಸ್ಟ್ರೇಲಿಯಾ ಅಮೆರಿಕಾಗಳಂಥ ದೇಶಗಳಲ್ಲಿ ಮನೆಯ ಹಿತ್ತಿಲ ಬಾಗಿಲಿಗೆ ತಾಗಿಸಿ ಮರದ ಹಲಗೆಗಳಿಂದ ನಿರ್ಮಿಸುವ ತೆರೆದ ಜಗುಲಿ. ಹಲಗೆಗೂ ಹಲಗೆಗೂ ನಡುವೆ ಮಳೆನೀರು ಇಳಿಯಲೆಂದು ಸಣ್ಣ ಸಂದು ಬಿಟ್ಟಿರುತ್ತಾರೆ. ಕೆಳಗೆ ಮೊಳಕಾಲೆತ್ತರದ ಪೊಳ್ಳು. ಆ ಪೊಳ್ಳಿನೊಳಗೆ ವರ್ಷಾನುಗಟ್ಟಲೆ ಉದುರಿದ ಒಣ ಎಲೆ. ಸಂದಿನಲ್ಲಿ ಸಿಕ್ಕಿಕೊಂಡ ಕೆಂಡಕ್ಕೆ ಎರಡು ಪಕ್ಕಗಳ ಕಟ್ಟಿಗೆಯ ಕಾವೂ ಕೆಳಗಿನಿಂದ ಗಾಳಿಯೂ ಒದಗಿ, ಅದು ಅಗ್ಗಿಷ್ಟಿಕೆಯೊಳಗಿಟ್ಟ ಕೆಂಡದಂತೆ ಆರದೆ ಬೆಳೆಯುತ್ತದೆ. ಮೆಲ್ಬರ್ನಿನ ಹೊರವಲಯದಲ್ಲಿಯೂ ಕ್ಯಾಲಿಫೋರ್ನಿಯಾದ ಗುಡ್ಡಗಳ ತಪ್ಪಲಿನಲ್ಲಿಯೂ ನೆಲಸಿರುವ ನಮ್ಮ ಕನ್ನಡದ ಕುಟುಂಬಗಳಿಗೆ ಇದು ನಿತ್ಯದ ಚಿಂತೆ. ಹಾಗಾದರೆ ಕಲ್ಲಿನ ಕಟ್ಟೆಯ ಮೇಲೆ ಕುಳಿತು ಬೆಳೆದ ನಮಗೆ ಅದರಿಂದೇನೆಂದು ಕೇಳುವಿರಾದರೆ, ಈಚಿನ ವರ್ಷಗಳಲ್ಲಿ ನಮ್ಮ ರಸ್ತೆಗಳ ಮಗ್ಗುಲಿನ ಹೊಸ ತೋಟದ ಮನೆಗಳ ಮುಂದೆಯೂ ಅಂಥ ಹಲಗೆಯ ಜಗುಲಿಗಳು ಕಾಣಿಸಿಕೊಳ್ಳತೊಡಗಿವೆಯೆಂಬುದನ್ನೂ, ಪಟ್ಟಣದಿಂದ ಹಿಂದಿರುಗಿದ ಮಕ್ಕಳು ತಂದೆತಾಯಿಗಳ ಕಲ್ಲುಕಟ್ಟೆಯನ್ನು ಕಿತ್ತು ಅದನ್ನೇ ಬಯಸುತ್ತಿದ್ದಾರೆಂಬುದನ್ನೂ ಗಮನಿಸಬೇಕು. ಬಯಕೆ ತಪ್ಪಲ್ಲ, ಬರಿಗಾಲಿಗೆ ಕಟ್ಟಿಗೆಯ ಹಾಸು ಹಿತವಾದುದು ನಿಜ. ಆದರೆ ಮನೆಯ ಮೂರು ಕಡೆ ರವದಿ ಇರುವಲ್ಲಿ ಆ ಹಿತಕ್ಕೆ ತೆರಬೇಕಾದ ಬೆಲೆಯನ್ನು ಮೊದಲೇ ತಿಳಿದಿರುವುದು ಒಳಿತು.

ಇಲ್ಲಿ ನಮ್ಮ ಹಿಂದಿನವರ ಮೇಲ್ಮುದ್ದೆಯ ಮಾಳಿಗೆಯನ್ನು ನಾನು ಬಹು ಗೌರವದಿಂದ ಸ್ಮರಿಸುತ್ತೇನೆ. ಕಂಬದ ಮೇಲೆ ಬೋದು, ಬೋದಿನ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಚಿಲಿಕೆ ಅಥವಾ ತೊಗರಿಕಟ್ಟಿಗೆಯ ಹಾಸು, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಕೆಸರು, ಎಲ್ಲಕ್ಕೂ ಮೇಲೆ ಊರ ಹಳೆಯ ನೆಲೆಯಿಂದ ಹೊತ್ತು ತಂದ ಅರ್ಧ ಅಡಿಗೂ ಮಿಕ್ಕಿದ ಹಾಳುಮಣ್ಣು: ಇಷ್ಟು ಕಟ್ಟಿಗೆಯನ್ನೂ ಕಡ್ಡಿಯನ್ನೂ ಒಳಗೊಂಡ ಆ ಮಾಳಿಗೆಯ ಮೇಲೆ ಎಷ್ಟು ಕಿಡಿ ಬಿದ್ದರೂ ಅದು ಮಣ್ಣಿನ ಮೇಲೆ ಬಿದ್ದು ಮಣ್ಣಿನಲ್ಲಿಯೇ ಆರಿಹೋಗುತ್ತಿದ್ದಿತು. ಬೇಸಿಗೆಯ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಹಾಸಿಗೆ ಹೊತ್ತು ಹೋಗಿ ಮಲಗುತ್ತಿದ್ದುದೂ, ಕಾಳು ಒಣಹಾಕುತ್ತಿದ್ದುದೂ, ಶಾವಿಗೆ ಹೊಸೆಯುತ್ತಿದ್ದುದೂ ಅಲ್ಲಿಯೇ ಆದಕಾರಣ, ಪರದೇಶದವರ ಹಲಗೆಯ ಜಗುಲಿಗೆ ನಮ್ಮಲ್ಲಿ ಸರಿಸಮಾನವಾದುದು ಯಾವುದೆಂದರೆ ಈ ಮಾಳಿಗೆಯೇ ಎನ್ನಬೇಕು. ಭಾರವನ್ನು ಹೊರುವ ಕೆಲಸವನ್ನು ಕಟ್ಟಿಗೆಗೆ ವಹಿಸಿ, ಬಿಸಿಲು ಮಳೆ ಬೆಂಕಿಗಳಿಗೆ ಮೈಯೊಡ್ಡುವ ಕೆಲಸವನ್ನು ಮಣ್ಣಿಗೆ ವಹಿಸಿದ ಆ ವಿವೇಕದಲ್ಲಿ ನಾನು ಇಂದು ಹೇಳಬೇಕಾದ ಮುಖ್ಯ ಮಾತು ಅಡಗಿದೆ: ಮನೆಯ ಹೊರಮೈಯಲ್ಲಿ ಕಟ್ಟಿಗೆ ಇರಬಾರದೆಂದಿಲ್ಲ, ಅದು ಗಾಳಿಗೂ ಕಿಡಿಗೂ ಒಟ್ಟಿಗೆ ತೆರೆದಿರಬಾರದು.

ಹೀಗೆಂದಮಾತ್ರಕ್ಕೆ ಎಲ್ಲರೂ ಮಣ್ಣಿನ ಮಾಳಿಗೆಗೆ ಹಿಂದಿರುಗಬೇಕೆಂದು ನಾನು ಬೋಧಿಸುತ್ತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ಮಣ್ಣು ಮೆತ್ತಿದ ಕಲ್ಲುಗೋಡೆಗಳ ಮೇಲಿನ ಅಂಥ ಭಾರವಾದ ಮಾಳಿಗೆಗಳೇ ಕುಸಿದು ಮಲಗಿದ್ದ ಸಾವಿರಾರು ಜನರನ್ನು ಹೂತುಬಿಟ್ಟವು. ಒಂದು ಭಯದಿಂದ ಕಾಪಾಡಿದ ವಸ್ತು ಇನ್ನೊಂದು ಭಯಕ್ಕೆ ಕಾರಣವಾಗಬಹುದಾದ್ದರಿಂದ, ವಸ್ತುವಿಗಿಂತ ಅದರ ಹಿಂದಿನ ತತ್ತ್ವವನ್ನು ಹಿಡಿಯುವುದು ಮೇಲು.

ಆ ತತ್ತ್ವವನ್ನು ಕಟ್ಟೆಗೆ ಅನ್ವಯಿಸಿದರೆ ಮೊದಲು ನಿಲ್ಲುವುದು ಕಲ್ಲು. ಗೋಕಾಕದ ಜಲಪಾತವು ಧುಮುಕುವ ಆ ಕೆಂಪುಛಾಯೆಯ ಗಟ್ಟಿ ಮರಳುಶಿಲೆಯನ್ನು ನೋಡದವರು ಈ ಸೀಮೆಯಲ್ಲಿ ಯಾರಿದ್ದಾರೆ? ಅದನ್ನು ಕಟ್ಟಡಕ್ಕೆ ಬಳಸಿದುದೂ, ಕಲಬುರ್ಗಿ ಕಡೆಯ ಶಹಾಬಾದಿನ ಫರಸಿಯನ್ನು ತಂದು ಪಡಸಾಲೆಗೆ ಹಾಸಿದುದೂ ನಮ್ಮಲ್ಲಿ ಹಳೆಯ ರೂಢಿ. ಮರಳುಶಿಲೆಯ ಜೀವಾಳವಾದ ಬೆಣಚು 573 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ತನ್ನ ಅಂತರ್ರಚನೆಯನ್ನು ಬದಲಿಸಿ ಹಠಾತ್ತನೆ ಹಿಗ್ಗುವುದರಿಂದ ಅಂಥ ಕಾವಿಗೆ ಬಹು ಹೊತ್ತು ಸಿಕ್ಕಿದ ಕಲ್ಲು ಬಿರಿಯುವುದುಂಟು; ಫರಸಿಯಾದರೋ ಸುಣ್ಣಕಲ್ಲಿನ ಜಾತಿಯದಾದಕಾರಣ 800 ಡಿಗ್ರಿಗೂ ಮೇಲೆ, ಸುಣ್ಣದ ಭಟ್ಟಿಯೊಳಗಿನಂಥ ಕಾವಿನಲ್ಲಿ, ನಿಧಾನವಾಗಿ ಸುಣ್ಣವಾಗತೊಡಗುತ್ತದೆ. ಆದರೆ ಕಟ್ಟೆಯ ಮೇಲೆ ಹಾರಿಬಂದು ಬಿದ್ದ ಕೆಂಡವು ಕಲ್ಲನ್ನು ಈ ಮಟ್ಟಕ್ಕೆ ಕಾಯಿಸುವ ಮಾತೇ ಇಲ್ಲ. ತಿನ್ನುವುದಕ್ಕೇನೂ ಸಿಕ್ಕದೆ, ತನ್ನ ಕಾವನ್ನು ತಣ್ಣನೆಯ ಕಲ್ಲಿಗೆ ಬಿಟ್ಟುಕೊಟ್ಟು ಕೆಲವು ನಿಮಿಷಗಳಲ್ಲಿ ಅದು ಬೂದಿಯಾಗುತ್ತದೆ. ಫರಸಿಯ ಕೆಳಗೆ ಪೊಳ್ಳು ಉಳಿಯದಂತೆ ಗಟ್ಟಿಯಾದ ಮೊರಂ ತುಂಬಿ ಧಮ್ಮಸು ಮಾಡಿ, ಸುಣ್ಣದ ಅಥವಾ ಸಿಮೆಂಟಿನ ಗಾರೆಯಲ್ಲಿ ಸಂದುಗಳನ್ನು ತುಂಬಿ, ಮಳೆನೀರು ಗೋಡೆಯಿಂದ ಹೊರಮುಖವಾಗಿ ಹರಿಯುವಂತೆ ತುಸು ಇಳಿಜಾರು ಕೊಟ್ಟರೆ ಆ ಕಟ್ಟೆ ಇಲಿ ಹೆಗ್ಗಣಗಳಿಗೂ ಎಡೆಗೊಡುವುದಿಲ್ಲ, ಕಿಡಿಗೂ ಎಡೆಗೊಡುವುದಿಲ್ಲ. ಬಿಸಿಲಿಗೆ ಕಲ್ಲು ಕಾಯುತ್ತದೆಂಬ ಆಕ್ಷೇಪಣೆ ನ್ಯಾಯವಾದುದೇ. ಸಂಜೆ ಒಂದೆರಡು ಬಿಂದಿಗೆ ನೀರು ಚಿಮುಕಿಸುವುದರಿಂದ ಆ ದೋಷವೂ ನೀಗುತ್ತದೆ, ದಿನದ ಕಸವೂ ಕಣ್ಣಿಗೆ ಬೀಳುತ್ತದೆ.

ಕಟ್ಟಿಗೆಯೇ ಬೇಕೆನ್ನುವವರಿಗೆ ಹೇಳಬೇಕಾದದ್ದು ತುಸು ದೀರ್ಘವಾದುದು. ಎಲ್ಲ ಮರಗಳೂ ಸುಡುತ್ತವೆ. ಎಷ್ಟು ಬೇಗ, ಎಷ್ಟು ಹೊತ್ತು ಎಂಬುದರಲ್ಲಿ ಮಾತ್ರ ಭೇದ. ನಡುಹಗಲಿನ ಉರಿಬಿಸಿಲು ಒಂದು ಚದರ ಮೀಟರಿನ ಮೇಲೆ ಸುರಿಯುವ ಕಾವು ಸುಮಾರು 1 ಕಿಲೋವ್ಯಾಟ್; ಅದರ ಹನ್ನೆರಡು ಹದಿಮೂರರಷ್ಟಾದಾಗ, ಜೊತೆಗೊಂದು ಕಿಡಿಯೂ ಇದ್ದರೆ, ಸಾಮಾನ್ಯ ಕಟ್ಟಿಗೆ ಹೊತ್ತಿಕೊಳ್ಳುತ್ತದೆ. ಆದುದರಿಂದಲೇ ಆಸ್ಟ್ರೇಲಿಯಾದ ಕಟ್ಟಡ ನಿಯಮಾವಳಿಯು ಮನೆಯ ನೆಲೆಗಳನ್ನು 12.5, 19, 29, 40 ಕಿಲೋವ್ಯಾಟುಗಳೆಂದೂ, ಅದಕ್ಕೂ ಮೀರಿದುದನ್ನು ಜ್ವಾಲಾವಲಯವೆಂದೂ ವಿಂಗಡಿಸಿ, ಒಂದೊಂದಕ್ಕೂ ತಕ್ಕ ಹಾಸನ್ನು ವಿಧಿಸಿರುತ್ತದೆ. ಕೆಳಗಿನ ಮಟ್ಟಗಳಿಗೆ ಘನ ಮೀಟರಿಗೆ 750 ಕಿಲೋಗ್ರಾಮಿಗೆ ಕಡಮೆಯಿಲ್ಲದ ತೂಕದ ಮರಗಳಿಗೆ ಅಲ್ಲಿ ಮನ್ನಣೆ. ಮೇಲಿನ ಮಟ್ಟಕ್ಕೆ ಬಂದರೆ ಸ್ಪಾಟೆಡ್ ಗಮ್, ಬ್ಲ್ಯಾಕ್‌ಬಟ್, ರೆಡ್ ಐರನ್‌ಬಾರ್ಕ್ ಮೊದಲಾಗಿ ಪರೀಕ್ಷೆಯಲ್ಲಿ ತೇರ್ಗಡೆಯಾದ ಏಳೇ ಜಾತಿಗಳು.

ನಮ್ಮ ಮರಗಳಿಗೆ ಆ ಪರೀಕ್ಷೆಯ ಪಟ್ಟಿಯಲ್ಲಿ ಸ್ಥಾನವಿಲ್ಲದಿದ್ದರೂ ತೂಕದ ಅಳತೆಗೋಲು ಎಲ್ಲಿಯಾದರೂ ಒಂದೇ. ಗೋಕಾಕದ ಆಟಿಕೆಯ ಕುಶಲಿಗಳು ಹಣ್ಣುಕಾಯಿಗಳ, ದೇವರುಗಳ ಬೊಂಬೆಗಳನ್ನು ಕೆತ್ತುವುದಕ್ಕೆ ಆರಿಸುವುದು ಉಳಿಗೆ ಸುಲಭವಾಗಿ ಬಗ್ಗುವ ಹಗುರ ಮರವನ್ನು. ಅಂಥದು ಕಲೆಗೆ ಎಷ್ಟು ಒದಗುವುದೋ ಜಗುಲಿಗೆ ಅಷ್ಟೇ ಅಯೋಗ್ಯ. ಎಲ್ಲರೂ ಶ್ರೇಷ್ಠವೆಂದು ಭಾವಿಸುವ ತೇಗವು ಗೆದ್ದಲಿಗೂ ಮಳೆಗೂ ಅಜೇಯವಾದರೂ ತೂಕದಲ್ಲಿ 650 ಕಿಲೋಗ್ರಾಮಿನ ಆಸುಪಾಸಿನದು. ಬಯಲುಸೀಮೆಯ ಜಾಲಿಯೂ ಪಶ್ಚಿಮದ ಕಾಡಿನ ಮತ್ತಿಯೂ ಅದಕ್ಕಿಂತ ಘನವಾದವು, ಆದಕಾರಣ ಕಿಡಿಯ ದೃಷ್ಟಿಯಿಂದ ಅದಕ್ಕಿಂತ ಲೇಸು. ತೂಕಕ್ಕಿಂತಲೂ ಮುಖ್ಯವಾದುದು ದಪ್ಪ. ಹೊತ್ತಿಕೊಂಡ ಕಟ್ಟಿಗೆಯು ನಿಮಿಷಕ್ಕೆ ಅರ್ಧದಿಂದ ಮುಕ್ಕಾಲು ಮಿಲಿಮೀಟರಿನಷ್ಟು ಆಳಕ್ಕೆ ಇದ್ದಲಾಗುತ್ತ ಹೋಗುತ್ತದೆ. ಒಂದಂಗುಲದ ಹಲಗೆ ಮೇಲೆ ಕೆಳಗೆ ಎರಡು ಕಡೆಗೂ ಉರಿದರೆ ಇಪ್ಪತ್ತು ನಿಮಿಷಗಳ ಸುಮಾರಿನಲ್ಲಿ ಇಲ್ಲವಾಗುತ್ತದೆ, ಆದರೆ ನಮ್ಮ ಹಳೆಯ ಮನೆಗಳ ಒಂದು ಗೇಣು ಚೌಕದ ತೊಲೆಯೊಳಗೆ ಅಷ್ಟು ಹೊತ್ತಿಗೆ ಗಟ್ಟಿಮರವು ಬಹುಪಾಲು ಉಳಿದಿದ್ದು, ಮೇಲಣ ಇದ್ದಲಿನ ಪದರೇ ಅದಕ್ಕೆ ಕವಚವಾಗಿರುತ್ತದೆ. ಬೋರಾಕ್ಸ್, ಬೋರಿಕ್ ಆಮ್ಲ, ಅಮೋನಿಯಂ ಫಾಸ್ಫೇಟುಗಳ ದ್ರಾವಣದಲ್ಲಿ ನೆನೆಸಿ ಮರಕ್ಕೆ ಬೆಂಕಿ ತಡೆಯುವ ಗುಣವನ್ನು ಕೊಡುವ ಕ್ರಮವೂ ಉಂಟು. ಈ ಲವಣಗಳು ನೀರಿನಲ್ಲಿ ಕರಗುವಂಥವಾದ್ದರಿಂದ, ಸೂರಿನ ಕೆಳಗೆ ಅವು ಬಾಳುತ್ತವೆ, ಮಳೆಗೆ ತೆರೆದ ಜಗುಲಿಯಲ್ಲಿ ಒಂದೆರಡು ಮಳೆಗಾಲಗಳಲ್ಲಿ ತೊಳೆದುಹೋಗುತ್ತವೆ. ಇದನ್ನು ಮಾರುವವರು ಹೇಳುವುದಿಲ್ಲವಾದ್ದರಿಂದ ಕೊಳ್ಳುವವರೇ ಕೇಳಬೇಕು.

ಮರದ ಹೊಟ್ಟಿಗೆ ಪ್ಲಾಸ್ಟಿಕ್ಕನ್ನು ಬೆರೆಸಿ ಅಚ್ಚೊತ್ತಿದ ಹಲಗೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸಂಕ್ಷಿಪ್ತವಾದುದು. ಅವುಗಳಲ್ಲಿ ಬಹಳಷ್ಟರ ಆಧಾರವಾದ ಪಾಲಿಥಿನ್ ನೀರು ಕುದಿಯುವ ಕಾವಿಗಿಂತ ತುಸುವೇ ಮೇಲೆ ಕರಗತೊಡಗಿ, ಹೊತ್ತಿಕೊಂಡಮೇಲೆ ಉರಿಯುವ ಹನಿಗಳಾಗಿ ಕೆಳಗೆ ತೊಟ್ಟಿಕ್ಕುತ್ತದೆ. ಬೆಂಕಿಯ ಪರೀಕ್ಷೆಯ ಪ್ರಮಾಣಪತ್ರವನ್ನು ಕಣ್ಣಾರೆ ಕಾಣದೆ ಅಂಥ ಹಲಗೆಯನ್ನು ರವದಿಯ ಸೀಮೆಗೆ ತರಬಾರದು.

ಕಟ್ಟೆ ಎಷ್ಟೇ ನಿರ್ದೋಷವಾಗಿರಲಿ, ಅದರ ಮೇಲೆ ನಾವು ಹೊದಿಸುವುದೂ ಅದರ ಬದಿಗೆ ನಾವು ಒಟ್ಟುವುದೂ ನಿರ್ದೋಷವಾಗಿರದಿದ್ದರೆ ಅದು ವ್ಯರ್ಥವೆಂಬುದನ್ನು ಇಲ್ಲಿ ಒತ್ತಿ ಹೇಳಲೇಬೇಕು. ಬೇಸಿಗೆಯಲ್ಲಿ ತಗಡಿನ ಕಾವು ತಾಳಲಾರದೆ ತಗಡಿನ ಮೇಲೆ ರವದಿ ಹರಡುತ್ತೇವೆ. ಕಟ್ಟೆಯ ಮುಂದೆ ರವದಿಯ ಚಪ್ಪರ ಹಾಕುತ್ತೇವೆ. ಮಳೆಗೆ ನೆನೆಯಬಾರದೆಂದು ಕುಳ್ಳನ್ನು ಗೋಡೆಗೆ ಒತ್ತಿ ಒಟ್ಟುತ್ತೇವೆ. ಕಣಿಕೆಯ ಬಣವೆಯನ್ನು ದನಗಳಿಗೆ ಹತ್ತಿರವಾಗಲೆಂದು ಕೊಟ್ಟಿಗೆಯ ಬೆನ್ನಿಗೇ ಕಟ್ಟುತ್ತೇವೆ. ಇವೆಲ್ಲವೂ ಅನುಕೂಲವನ್ನೇ ಉದ್ದೇಶಿಸಿದ ಕೆಲಸಗಳು, ಆದರೆ ಗಾಳಿಯಲ್ಲಿ ಬಂದ ಒಂದೇ ಕಿಡಿ ಇವುಗಳ ಮೇಲೆ ಹೆಜ್ಜೆಯಿಟ್ಟು ಬಾಗಿಲವರೆಗೆ ನಡೆದುಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮನೆಯ ಗೋಡೆಯಿಂದ ಮೊದಲ ಐದು ಅಡಿಗಳೊಳಗೆ ಸುಡುವ ವಸ್ತು ಏನೂ ಇರಕೂಡದೆಂದು ತಜ್ಞರು ಸಾರುತ್ತಿರುವರು. ಐದು ಅಡಿಯೆಂದರೆ ನಮ್ಮ ಕಟ್ಟೆಯ ಅಗಲ. ಬಣವೆಯನ್ನಾದರೋ ಐದಲ್ಲ, ಸ್ಥಳವಿದ್ದವರು ಐವತ್ತು ಅಡಿ ದೂರವಿಟ್ಟರೂ ಹೆಚ್ಚಾಗದು.

ಇದಕ್ಕಿಂತಲೂ ನನ್ನನ್ನು ವ್ಯಾಕುಲಗೊಳಿಸುವುದು ದನಗಳ ಸ್ಥಿತಿ. ಮನುಷ್ಯನಿಗೆ ಓಡುವುದಕ್ಕೆ ಕಾಲಿವೆ; ರವದಿಯ ಚಪ್ಪರದ ಕೆಳಗೆ ಕೊರಳ ಹಗ್ಗದಿಂದ ಗೂಟಕ್ಕೆ ಬಿಗಿದ ಎಮ್ಮೆಗೆ, ಎತ್ತಿಗೆ, ಕಾಲಿದ್ದೂ ಇಲ್ಲ. ಉರಿಯುವ ಚಪ್ಪರ ಬೀಳುವುದಕ್ಕೆ ಹೆಚ್ಚು ಸಮಯ ಬೇಡ, ಭಯದಿಂದ ಜಗ್ಗುವ ದನದ ಗಂಟು ಬಿಚ್ಚುವುದಕ್ಕೆ ಆ ಸಮಯ ಸಾಲದು. ಮನೆಯ ಕಟ್ಟೆಗೆ ಫರಸಿ ಹಾಸುವಷ್ಟು ಅನುಕೂಲವುಳ್ಳವರು ಮೊದಲು ಕೊಟ್ಟಿಗೆಯ ಸೂರನ್ನು ತಗಡಿನದಾಗಿಯೋ ಹಂಚಿನದಾಗಿಯೋ ಮಾಡಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಕುಣಿಕೆಯನ್ನು ಮನೆಯ ಮಕ್ಕಳಿಗೂ ಕಲಿಸಿಕೊಡಲೆಂದು ಕೈಮುಗಿದು ಬೇಡುತ್ತೇನೆ.

ಕಿಡಿಯ ಮೂಲವಾದ ರವದಿಯನ್ನು ಸುಡದೆಯೇ ಕೂಳೆ ಬೆಳೆ ತೆಗೆಯಬಹುದೆಂಬುದು ಈಗ ವಿವಾದದ ವಿಷಯವಾಗಿ ಉಳಿದಿಲ್ಲ. ಸಾಲು ಬಿಟ್ಟು ಸಾಲಿನಲ್ಲಿ ರವದಿಯನ್ನು ಹರಡಿ, ಇಲ್ಲವೆ ಪುಡಿಮಾಡಿ ಮಣ್ಣಿಗೆ ಸೇರಿಸಿ, ಕೊಳೆಯುವಂತೆ ನೀರು ಕೊಟ್ಟರೆ ನೆಲದ ತೇವವೂ ಉಳಿಯುತ್ತದೆ, ಸುಟ್ಟರೆ ಹೊಗೆಯಾಗಿ ಹೋಗುವ ಸಾರಜನಕವೂ ಉಳಿಯುತ್ತದೆ. ತುಕ್ಕಾನಟ್ಟಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವೂ, ಅಲ್ಲಿಂದ ದೂರವಲ್ಲದ ಅರಭಾವಿಯಲ್ಲಿ ತೋಟಗಾರಿಕಾ ಮಹಾವಿದ್ಯಾಲಯವೂ ಇರುವುದರಿಂದ ಇದರ ವಿವರಗಳನ್ನು ಕೇಳುವುದಕ್ಕೆ ನಮ್ಮ ರೈತರು ದೂರ ಹೋಗಬೇಕಾಗಿಲ್ಲ. ಆದರೆ ನಾನು ಸುಡದಿದ್ದರೂ ನೆರೆಯವನು ಸುಡುವನಾದಕಾರಣ, ಕಟ್ಟೆಯ ಚಿಂತೆಯನ್ನು ಅದರಿಂದ ಬಿಡುವಂತಿಲ್ಲ.

ಹಲಗೆಯ ಜಗುಲಿಯನ್ನು ಈಗಾಗಲೇ ಕಟ್ಟಿಸಿಕೊಂಡಿರುವವರು ಅದನ್ನು ಕಿತ್ತೆಸೆಯಬೇಕಾದ ಅಗತ್ಯವಿಲ್ಲ. ಗೋಡೆಗೆ ತಾಗಿದ ಹಲಗೆಗಳನ್ನು ಒಂದು ಅಡಿಯಷ್ಟು ಅಗಲಕ್ಕೆ ತೆಗೆದು, ಕೆಳಗಿನ ಪೊಳ್ಳನ್ನು ಅಲ್ಲಿ ಕಲ್ಲುಗಾರೆಯಿಂದ ತುಂಬಿ ಫರಸಿಯ ಪಟ್ಟಿಯೊಂದನ್ನು ಕೂಡಿಸಿದರೆ ಬೆಂಕಿಗೂ ಬಾಗಿಲ ಚೌಕಟ್ಟಿಗೂ ನಡುವೆ ಗಡಿಯೊಂದು ಬಿದ್ದಂತಾಯಿತು. ಆಸ್ಟ್ರೇಲಿಯಾದ ನಿಯಮವು ಜಗುಲಿಯ ಹಾಸಿನಿಂದ 400 ಮಿಲಿಮೀಟರಿಗಿಂತ ಕೆಳಗಿರುವ ಗಾಜಿನ ಕಿಟಕಿ ಬಾಗಿಲುಗಳ ಮುಂದೆ 300 ಮಿಲಿಮೀಟರು ಅಗಲದವರೆಗಿನ ಹಾಸನ್ನು ವಿಶೇಷವಾಗಿ ಕಟ್ಟುಪಾಡಿಗೆ ಒಳಪಡಿಸಿರುವುದೂ ಇದೇ ಅಭಿಪ್ರಾಯದಿಂದ. ಜಗುಲಿಯ ಸುತ್ತಣ ತೆರಪನ್ನು ಇಟ್ಟಿಗೆಯ ಗಿಡ್ಡಗೋಡೆಯಿಂದ ಮುಚ್ಚಿ, ಗಾಳಿಯಾಡಲು ಬಿಟ್ಟ ಕಿಂಡಿಗಳಿಗೆ 2 ಮಿಲಿಮೀಟರಿಗಿಂತ ದೊಡ್ಡ ಕಣ್ಣಿಲ್ಲದ, ತುಕ್ಕು ಹಿಡಿಯದ ಲೋಹದ ಜಾಳಿಗೆಯನ್ನು ಬಡಿಯಿಸಬೇಕು. ಪ್ಲಾಸ್ಟಿಕ್ಕಿನ ಸೊಳ್ಳೆಪರದೆ ಅದಕ್ಕೆ ಬದಲಾಗಲಾರದು. ಹಾಗೆ ಮುಚ್ಚುವ ಮೊದಲು ಒಳಗೆ ಸೇರಿರುವ ಎಲೆ ರವದಿಗಳನ್ನೆಲ್ಲ ಎಳೆದು ತೆಗೆಯುವುದನ್ನು ಮರೆಯಬಾರದು. ಸುಣ್ಣದ ಗಾರೆ ಗಟ್ಟಿಯಾಗುವುದಕ್ಕೆ ವಾರಗಳ ವ್ಯವಧಾನ ಬೇಕಾದಕಾರಣ, ಕಾರಖಾನೆಗಳ ಹಂಗಾಮು ಬಿಸಿಯೇರಿ ಕಟಾವಿನ ತಂಡಗಳು ಹೊಲಕ್ಕಿಳಿಯುವುದಕ್ಕೆ ಮುಂಚೆಯೇ, ದಸರೆ ದೀಪಾವಳಿಗಳ ನಡುವಣ ದಿನಗಳಲ್ಲಿ ಗೌಂಡಿಯನ್ನು ಕರೆಯಿಸಿದರೆ, ಮಾರ್ಚ್ ತಿಂಗಳ ಗಾಳಿ ಏಳುವ ವೇಳೆಗೆ ಕೆಲಸ ಒಣಗಿ ಸಿದ್ಧವಾಗಿರುತ್ತದೆ.